ಮಗುವಿನ ಲೆಕ್ಕ ಇದೆ, ದಾರಿಯ ಲೆಕ್ಕ ಇಲ್ಲ

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನ ಕಡೆ ಒಂದು ಎಕರೆ ರೋಬಸ್ಟಾಕ್ಕೆ ವರ್ಷಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂದು ಯಾವ ಬೆಳೆಗಾರರನ್ನು ಕೇಳಿದರೂ ಬಾಯಿಲೆಕ್ಕದಲ್ಲೇ ಹೇಳಿಬಿಡುತ್ತಾರೆ. ಗೊಬ್ಬರಕ್ಕೆ ಇಷ್ಟು, ಮರಗಸಿಗೆ ಇಷ್ಟು, ಕಳೆಗೆ ಇಷ್ಟು, ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಡೀಸೆಲ್‌ಗೆ ಇಷ್ಟು, ಕೊಯ್ಲಿಗೆ ಇಷ್ಟು. ಅದೇ ಊರಿನ ಸರ್ಕಾರಿ ಶಾಲೆಯಲ್ಲಿ ಕಣ್ಣು ಮಂಜಾದ, ಕಿವಿ ಕೇಳಿಸದ, ನಡೆಯಲಾಗದ ಅಥವಾ ಕಲಿಕೆ ನಿಧಾನವಾದ ಒಂದು ಮಗುವಿಗೆಂದು ಸರ್ಕಾರ ವರ್ಷಕ್ಕೆ ಎಷ್ಟು ತೆಗೆದಿಡುತ್ತದೆ ಎಂದು ಕೇಳಿ ನೋಡಿ. ಹೆತ್ತವರಿಗೆ ಗೊತ್ತಿಲ್ಲ, ಎಸ್‌ಡಿಎಂಸಿ ಅಧ್ಯಕ್ಷರಿಗೆ ಗೊತ್ತಿಲ್ಲ, ಎಷ್ಟೋ ಸಲ ಹೆಡ್‌ಮಾಸ್ಟರಿಗೂ ಗೊತ್ತಿರುವುದಿಲ್ಲ. ಅವರನ್ನು ದೂರುವಂತಿಲ್ಲ. ಈ ಹಣದ ಬಹುಪಾಲು ಶಾಲೆಯ ಖಾತೆಯನ್ನು ಮುಟ್ಟುವುದೇ ಇಲ್ಲ.

ಉತ್ತರ ಚಿಕ್ಕದು. ಸಮಗ್ರ ಶಿಕ್ಷಣ ಯೋಜನೆಯಡಿ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 3,500 ರೂಪಾಯಿ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ ಹತ್ತು ತಿಂಗಳ ಪ್ರೋತ್ಸಾಹಧನ. ವಿಶೇಷ ಶಿಕ್ಷಕರ ಸಂಬಳದ ಬಾಬ್ತು ಬೇರೆ. ‘ಗರಿಷ್ಠ’ ಎಂಬ ಪದವನ್ನು ಇಲ್ಲಿ ಮರೆಯಬಾರದು. ಅಷ್ಟು ಕೊಟ್ಟೇ ಕೊಡುತ್ತೇವೆ ಎಂದು ಯಾರೂ ಹೇಳಿಲ್ಲ. ಅದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದಷ್ಟೇ ಹೇಳಿದ್ದಾರೆ.

ಈ ಮೂರೂವರೆ ಸಾವಿರದೊಳಗೆ ಏನೆಲ್ಲ ಬರಬೇಕು ಎಂದು ನೋಡಿದರೆ ತಲೆ ತಿರುಗುತ್ತದೆ. ತಪಾಸಣಾ ಶಿಬಿರ, ಗಾಲಿಕುರ್ಚಿ, ಶ್ರವಣ ಸಾಧನ, ಬ್ರೈಲ್ ಪುಸ್ತಕ, ದಪ್ಪಕ್ಷರದ ಪುಸ್ತಕ, ಫಿಜಿಯೋಥೆರಪಿ, ಸಾರಿಗೆ ಭತ್ಯೆ, ಜೊತೆಗೆ ಕರೆದುಕೊಂಡು ಬರುವವರಿಗೆ ಬೆಂಗಾವಲು ಭತ್ಯೆ, ಅಂಧ ಮಕ್ಕಳಿಗೆ ಓದಿ ಹೇಳುವವರ ಭತ್ಯೆ, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ. ಎಲ್ಲರಿಗೂ ಎಲ್ಲವೂ ಬೇಕಾಗುವುದಿಲ್ಲ ನಿಜ. ಒಂದು ಮಗುವಿಗೆ ಕನ್ನಡಕ ಸಾಕು, ಇನ್ನೊಂದಕ್ಕೆ ವಾರವಾರ ಥೆರಪಿ ಬೇಕು. ಹಾಗಾಗಿ ಜಿಲ್ಲೆಯ ಎಲ್ಲ ಮಕ್ಕಳ ತಲೆ ಎಣಿಸಿ, 3,500ರಿಂದ ಗುಣಿಸಿ, ಬಂದ ಮೊತ್ತದ ಒಳಗೆ ಬಾಬ್ತುವಾರು ಹಂಚುತ್ತಾರೆ. ತಲೆಯೆಣಿಕೆಗೆ ಸಿಗುವ ಮಗು ಒಂದು ಕಡೆ, ಹಣ ಸೇರುವ ಮಗು ಇನ್ನೊಂದು ಕಡೆ ಇರಬಹುದು. ಇದರಲ್ಲಿ ಮೋಸವಿಲ್ಲ, ಯೋಜನೆಯ ಸ್ವರೂಪವೇ ಹಾಗಿದೆ.

ಹಣ ಹೊರಡುವ ಬಗೆ ಹೀಗೆ. ಪ್ರತಿ ವರ್ಷ ಶಾಲೆಗಳು ಯು-ಡೈಸ್ ನಮೂನೆ ತುಂಬುತ್ತವೆ. ಎಷ್ಟು ಕೊಠಡಿ, ಎಷ್ಟು ಶೌಚಾಲಯ ಎಂಬ ಕಾಲಂಗಳ ನಡುವೆ ವಿಶೇಷ ಅಗತ್ಯವುಳ್ಳ ಮಕ್ಕಳು ಎಷ್ಟು, ಯಾವ ನ್ಯೂನತೆ ಎಂಬ ಕಾಲಮ್ಮೂ ಇದೆ. ಆ ಅಂಕಿ ಕ್ಲಸ್ಟರ್‌ನಿಂದ ಮೂಡಿಗೆರೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಅಲ್ಲಿಂದ ಚಿಕ್ಕಮಗಳೂರಿನ ಉಪನಿರ್ದೇಶಕರ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿ, ಕೊನೆಗೆ ದೆಹಲಿಯ ಯೋಜನಾ ಅನುಮೋದನಾ ಮಂಡಳಿಯ ಮುಂದೆ ನಿಲ್ಲುತ್ತದೆ. ಮಂಡಳಿ ಒಪ್ಪಿದ ಮೊತ್ತದಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಈಶಾನ್ಯದ ಮತ್ತು ಹಿಮಾಲಯದ ರಾಜ್ಯಗಳಲ್ಲಿ ಈ ಪಾಲು 90ಕ್ಕೆ 10. ಅಲ್ಲಿಯೂ ಬದಲಾಗುವುದು ಯಾರು ಎಷ್ಟು ಕೊಡಬೇಕು ಎಂಬುದಷ್ಟೆ, ಮಗುವಿಗೆ ಇಷ್ಟು ಎಂಬ ದರ ಅಲ್ಲ. ಬಯಲುಸೀಮೆಯ ಮಗುವಿಗೂ ಮಲೆನಾಡಿನ ಮಗುವಿಗೂ, ಬೆಂಗಳೂರಿನ ಜಯನಗರದ ಮಗುವಿಗೂ ಕಳಸದ ಆಚೆಯ ಸಂಸೆಯ ಮಗುವಿಗೂ ಒಂದೇ ದರ.

ಈ ದರ ಬೆಳೆದು ಬಂದ ಕತೆಯೂ ಇದೆ. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಯಿತು. ಮುಂದೆ ದಶಕಗಳ ಕಾಲ ವಿಶೇಷ ಶಿಕ್ಷಣವೆಂದರೆ ಊರು ಬಿಟ್ಟು ಹಾಸ್ಟೆಲ್ಲಿನಲ್ಲಿ ಉಳಿದು ಕಲಿಯುವುದು ಎಂದೇ ಅರ್ಥವಾಗಿತ್ತು. ಇವತ್ತಿಗೂ ಕಿವುಡ ಮಕ್ಕಳಿಗೆ ಸರ್ಕಾರವೇ ನಡೆಸುವ ವಸತಿ ಶಾಲೆಗಳು ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿಯಲ್ಲಿವೆ. ಮೂಡಿಗೆರೆಯಿಂದ ಇವುಗಳಲ್ಲಿ ಹತ್ತಿರದ್ದೆಂದರೆ ಮೈಸೂರು. ಇವು ನಡೆಯುವುದು ಶಿಕ್ಷಣ ಇಲಾಖೆಯ ಹಣದಿಂದಲ್ಲ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಹಣದಿಂದ. ಸಂಘಸಂಸ್ಥೆಗಳ ವಿಶೇಷ ಶಾಲೆಗಳಿಗೂ ಅದೇ ಇಲಾಖೆ ಮಗುವಿನ ಲೆಕ್ಕದಲ್ಲಿ ಅನುದಾನ ಕೊಡುತ್ತದೆ. ಹೀಗೆ ಒಂದೇ ಮಗು ಎಲ್ಲಿ ಕೂತು ಕಲಿಯುತ್ತದೆ ಎಂಬುದರ ಮೇಲೆ ಅದರ ಹಣದ ಇಲಾಖೆಯೇ ಬದಲಾಗಿಬಿಡುತ್ತದೆ.

ಊರಿನ ಶಾಲೆಯಲ್ಲೇ ಎಲ್ಲರ ಜೊತೆ ಕೂರಲಿ ಎಂದು ಕೇಂದ್ರ ಸರ್ಕಾರ ಹಣ ಕೊಡಲು ಶುರು ಮಾಡಿದ್ದು 1974ರಲ್ಲಿ, ಆಗಿನ ಸಮಾಜ ಕಲ್ಯಾಣ ಇಲಾಖೆಯ ಮೂಲಕ. ಮಕ್ಕಳ ಓದಿನ ಯೋಜನೆ ಶಿಕ್ಷಣ ಇಲಾಖೆಗೆ ಬರಲು ಎಂಟು ವರ್ಷ ಬೇಕಾಯಿತು. 1995ರ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನು ಗುರುತಿಸಿ, ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. ಸರ್ವ ಶಿಕ್ಷಾ ಅಭಿಯಾನ ಬಂದಾಗ ತಲೆಗೆ ವರ್ಷಕ್ಕೆ 1,200 ರೂಪಾಯಿ ಇತ್ತು. ಆಮೇಲೆ ಅದು 3,000 ಆಯಿತು, ಅದರಲ್ಲಿ 1,000 ಶಿಕ್ಷಕರಿಗೆಂದೇ ಮೀಸಲು. ಪ್ರೌಢಶಾಲೆಗೆ 2009ರಲ್ಲಿ ಬೇರೆಯೇ ಯೋಜನೆ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏಳನ್ನು ಇಪ್ಪತ್ತೊಂದಕ್ಕೆ ಏರಿಸಿತು. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ತಲಸ್ಸೀಮಿಯಾ ಎಲ್ಲ ಒಳಗೆ ಬಂದವು. 2018ರಲ್ಲಿ ಎಲ್ಲ ಯೋಜನೆಗಳನ್ನೂ ಒಟ್ಟು ಸೇರಿಸಿ ಸಮಗ್ರ ಶಿಕ್ಷಣ ಮಾಡಿದಾಗ ದರ 3,500ಕ್ಕೆ ನಿಂತಿತು. 2021-22ರಿಂದ 2025-26ರವರೆಗಿನ ಹಂತಕ್ಕೆ ಒಟ್ಟು 2.94 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಾಗಲೂ ಈ ಅಂಕಿ ಕದಲಲಿಲ್ಲ. ಆ ಅವಧಿಯಲ್ಲೇ, 2025ರ ಜನವರಿಯಲ್ಲಿ, ಕರ್ನಾಟಕದಲ್ಲಿ ಸರ್ಕಾರಿ ಬಸ್ ದರ ಶೇ. 15ರಷ್ಟು ಏರಿತು.

ಇನ್ನು ದಾರಿಯ ಮಾತು. ಗೋಣಿಬೀಡು ಹೋಬಳಿಯ ಯಾವುದೋ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಸೆರೆಬ್ರಲ್ ಪಾಲ್ಸಿ ಇರುವ ಎಂಟು ವರ್ಷದ ಹುಡುಗಿ ಇದ್ದಾಳೆ ಎಂದುಕೊಳ್ಳಿ. ಬುದ್ಧಿ ಚುರುಕು, ಕಾಲು ಬರುವುದಿಲ್ಲ. ಲೈನಿನಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ಅದರಲ್ಲಿ ಅರ್ಧ ತೋಟದೊಳಗಿನ ಮಣ್ಣಿನ ರಸ್ತೆ. ಆಟೋದವನು ಹೋಗಿ ಬರಲು ನೂರೈವತ್ತು ಕೇಳುತ್ತಾನೆ ಎಂದು ಕಡಿಮೆಯಲ್ಲೇ ಹಿಡಿಯೋಣ. ಮಳೆಗಾಲದಲ್ಲಿ ಆ ದರಕ್ಕೆ ಯಾರೂ ಬರುವುದಿಲ್ಲ, ಆನೆ ಬಂದಿದೆ ಎಂಬ ಸುದ್ದಿಯಿದ್ದರೆ ಯಾವ ದರಕ್ಕೂ ಬರುವುದಿಲ್ಲ. ವರ್ಷಕ್ಕೆ 220 ದಿನ ಶಾಲೆ ಅಂದರೆ 33,000 ರೂಪಾಯಿ ಆಯಿತು. ಇಡೀ 3,500 ರೂಪಾಯಿಯನ್ನು, ಥೆರಪಿ, ಕ್ಯಾಲಿಪರ್, ಪುಸ್ತಕ ಎಲ್ಲ ಬಿಟ್ಟು, ಆಟೋಗೇ ಸುರಿದರೂ 23 ದಿನಕ್ಕೆ ಮುಗಿಯುತ್ತದೆ. ಶಾಲೆ ಶುರುವಾದದ್ದು ಜೂನ್‌ನಲ್ಲಿ ಎಂದರೆ ಜೂನ್‌ನಲ್ಲೇ ಹಣವೂ ಖಾಲಿ. ದಿನದ ಲೆಕ್ಕಕ್ಕೆ ಇಳಿಸಿದರೆ ಸರ್ಕಾರ ಕೊಡುವುದು ಹದಿನಾರು ರೂಪಾಯಿಗಿಂತ ಕಡಿಮೆ.

ತಾಯಿ ಎತ್ತಿಕೊಂಡು ಬರಬಹುದಲ್ಲ ಎನ್ನುತ್ತೀರಿ. ಎಂಟು ವರ್ಷದ ಮಗುವನ್ನು ಎತ್ತಿಕೊಂಡು ನಾಲ್ಕು ಕಿಲೋಮೀಟರ್ ಬರುವ ತಾಯಂದಿರು ಇದ್ದಾರೆ, ಇಲ್ಲವೆನ್ನಲಾಗದು. ಆದರೆ ತೋಟದ ಕೆಲಸಕ್ಕೆ ಬೆಳಿಗ್ಗೆ ಹೋಗದಿದ್ದರೆ ಆ ದಿನದ ಹಾಜರಿ ಹೋಗುತ್ತದೆ. ಮಗುವನ್ನು ಬಿಟ್ಟು ಮನೆಗೆ ಬಂದು ಸಂಜೆ ಮತ್ತೆ ಕರೆತರುವುದು ಬೇರೆ. ಬೆಂಗಾವಲು ಭತ್ಯೆ ಎಂಬ ಹೆಸರಿನಲ್ಲಿ ತಿಂಗಳಿಗೆ ಕೆಲವು ನೂರು ಬರಬಹುದು, ಆದರೆ ಹಾಜರಿಯ ಮುಂದೆ ಅದು ಯಾವ ಲೆಕ್ಕ? ಈ ತಾಯಿ ಮಗುವನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋದರೆ ಇಲಾಖೆಯ ಕಡತದಲ್ಲಿ ‘ಪೋಷಕರ ನಿರಾಸಕ್ತಿ’ ಎಂದು ಬರೆಯುತ್ತಾರೆ. ನನಗೆ ಈ ಪದವನ್ನು ಕಂಡರೆ ಆಗುವುದಿಲ್ಲ.

ಕಾಯ್ದೆ ಮಾತ್ರ ಸ್ಪಷ್ಟವಾಗಿದೆ. 2016ರ ಕಾಯ್ದೆಯ 16ನೇ ಕಲಮು ಇಂಥ ಮಕ್ಕಳಿಗೆ ಸಾರಿಗೆ ಸೌಲಭ್ಯ ಕೊಡಬೇಕು, ಹೆಚ್ಚಿನ ನೆರವು ಬೇಕಾದ ಮಕ್ಕಳಾದರೆ ಅವರ ಸಹಾಯಕರಿಗೂ ಕೊಡಬೇಕು ಎನ್ನುತ್ತದೆ. ದಾರಿಯೂ ಶಿಕ್ಷಣದ ಭಾಗ ಎಂದು ಸಂಸತ್ತು ಆಗಲೇ ಒಪ್ಪಿದೆ. ಬಜೆಟ್ಟಿನ ನಮೂನೆಯಲ್ಲಿ ಮಾತ್ರ ದಾರಿಗೆ ಉದ್ದವಿಲ್ಲ. ಮಗು ಶಾಲೆಯ ಪಕ್ಕದ ಮನೆಯದೋ ನಾಲ್ಕು ಕಿಲೋಮೀಟರ್ ಆಚೆಯ ಲೈನಿನದೋ ಎಂದು ಕೇಳುವ ಕಾಲಂ ಹಣದ ಸೂತ್ರದಲ್ಲಿ ಇಲ್ಲ.

ಹಾಗೆ ನೋಡಿದರೆ ಈಚಿನ ವರ್ಷಗಳಲ್ಲಿ ಮಲೆನಾಡಿನ ವಿಶೇಷ ಶಿಕ್ಷಣಕ್ಕೆ ದೊಡ್ಡ ಸಹಾಯ ಮಾಡಿದ್ದು ಶಿಕ್ಷಣ ಇಲಾಖೆಯಲ್ಲ, ಸಾರಿಗೆ ಇಲಾಖೆ ಎಂದು ನನ್ನ ಅನಿಸಿಕೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಯಾರೂ ಈ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಆದರೆ ಮಗುವನ್ನು ಥೆರಪಿಗೆ, ಶಿಬಿರಕ್ಕೆ, ಶಾಲೆಗೆ ಕರೆದುಕೊಂಡು ಓಡಾಡುವವರು ಬಹುಪಾಲು ತಾಯಂದಿರೇ ಆದ್ದರಿಂದ, ಅವರ ಟಿಕೆಟ್ಟಿನ ಹಣ ಉಳಿಯಿತು. ಬೆಂಗಾವಲು ಭತ್ಯೆ ಮಾಡಬೇಕಿದ್ದ ಕೆಲಸವನ್ನು ಉಚಿತ ಟಿಕೆಟ್ಟು ಸ್ವಲ್ಪ ಮಟ್ಟಿಗೆ ಮಾಡಿತು. ತೊಂದರೆ ಏನೆಂದರೆ ಸರ್ಕಾರಿ ಬಸ್ಸು ಓಡುವುದು ಮುಖ್ಯ ರಸ್ತೆಯಲ್ಲಿ. ಒಳದಾರಿಗಳಲ್ಲಿ ಖಾಸಗಿ ಬಸ್ಸು, ಜೀಪು, ಪಿಕಪ್. ಕೊಪ್ಪದ ಕಾರ್ಮಿಕರೇ ಕಟ್ಟಿ ನಡೆಸಿದ್ದ ಸಹಕಾರ ಸಾರಿಗೆ ಮಕ್ಕಳಿಗೆ ರಿಯಾಯಿತಿ ಪಾಸು ಕೊಡುತ್ತಿತ್ತು. ಅದು 2020ರಲ್ಲಿ ನಿಂತೇ ಹೋಯಿತು.

ಚೀಲ ಹೊತ್ತ ಶಿಕ್ಷಕಿ

ಹಣದ ಇನ್ನೊಂದು ಪಾಲು ವಿಶೇಷ ಶಿಕ್ಷಕರ ಸಂಬಳ. ಕರ್ನಾಟಕದಲ್ಲಿ ಈ ಶಿಕ್ಷಕರು ಶಾಲೆಗೊಬ್ಬರಂತೆ ಇಲ್ಲ, ಬ್ಲಾಕಿಗೆ ಇಬ್ಬರು ಮೂವರು. ಇಲಾಖೆಯ ಭಾಷೆಯಲ್ಲಿ ಬಿಐಇಆರ್‌ಟಿ. ಕೂರುವುದು ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ, ಓಡಾಡುವುದು ಇಡೀ ತಾಲ್ಲೂಕು. ಕಳಸ ಬೇರೆ ತಾಲ್ಲೂಕು ಆಗುವವರೆಗೂ ಮೂಡಿಗೆರೆ ಎಂಬ ಒಂದೇ ಬ್ಲಾಕು ಗೋಣಿಬೀಡಿನ ಹೇಮಾವತಿಯ ದಂಡೆಯಿಂದ ಬಣಕಲ್, ಕೊಟ್ಟಿಗೆಹಾರ ದಾಟಿ ಕುದುರೆಮುಖದ ಬುಡದವರೆಗೆ ಚಾಚಿಕೊಂಡಿತ್ತು. ಮೂಡಿಗೆರೆಯಿಂದ ಕಳಸಕ್ಕೇ ಐವತ್ತು ಕಿಲೋಮೀಟರಿಗೂ ಹೆಚ್ಚು ಘಾಟಿ ರಸ್ತೆ. ಬೆಳಿಗ್ಗೆ ಹೊರಟ ಶಿಕ್ಷಕಿ ಒಂದು ಮನೆ ನೋಡಿ ಬರುವಷ್ಟರಲ್ಲಿ ದಿನ ಮುಗಿಯುತ್ತದೆ.

ಆ ಶಿಕ್ಷಕಿಯ ಚೀಲದಲ್ಲಿ ಏನಿರುತ್ತದೆ ಎಂದು ನೋಡಬೇಕು. ಚಿತ್ರಪಟಗಳು, ಮಣಿ ಪೋಣಿಸುವ ದಾರ, ಗುಂಡಿ ಹಾಕಿ ಬಿಚ್ಚುವ ಬಟ್ಟೆಯ ಚೌಕಟ್ಟು, ಬಣ್ಣದ ಕಟ್ಟಿಗೆ ತುಂಡು, ಕೆಲವರ ಬಳಿ ಬ್ರೈಲ್ ಸ್ಲೇಟು. ಇದರ ಜೊತೆಗೆ ಪ್ರತಿ ಮಗುವಿನ ವೈಯಕ್ತಿಕ ಶೈಕ್ಷಣಿಕ ಯೋಜನೆಯ ಕಡತ, ಭೇಟಿಯ ಡೈರಿ, ಪೋಷಕರ ಸಹಿಗೋ ಹೆಬ್ಬೆಟ್ಟಿಗೋ ಒಂದು ಸ್ಟ್ಯಾಂಪ್ ಪ್ಯಾಡು. ಗೃಹಾಧಾರಿತ ಶಿಕ್ಷಣದ ಮಗುವಿನ ಮನೆಗೆ ಹೋದರೆ ಪಾಠ ಚಾಪೆಯ ಮೇಲೆ. ಒಂದು ತಟ್ಟೆಯಲ್ಲಿ ಕಾಫಿ ಬೀಜ, ಎರಡು ಲೋಟ. ಹೆಬ್ಬೆರಳು ತೋರುಬೆರಳಿನಲ್ಲಿ ಒಂದೊಂದೇ ಬೀಜ ಎತ್ತಿ ಲೋಟಕ್ಕೆ ಹಾಕುವುದೇ ಅಂದಿನ ಪಾಠ. ಪೆನ್ಸಿಲ್ ಹಿಡಿಯಲು ಬೇಕಾದ ಬೆರಳಿನ ಹಿಡಿತ ಹೀಗೆ ಬರುತ್ತದೆ. ಮನೆಯಲ್ಲೇ ಸಿಗುವ ಸಾಮಾನು, ಖರ್ಚಿಲ್ಲ. ಆದರೆ ಈ ಪಾಠ ಫಲ ಕೊಡಬೇಕಾದರೆ ದಿನಾ ನಡೆಯಬೇಕು. ತಿಂಗಳಿಗೊಮ್ಮೆ ಬಂದು ಹೋಗುವ ಶಿಕ್ಷಕಿ ತಾಯಿಗೋ ಅಜ್ಜಿಗೋ ಹೇಳಿಕೊಟ್ಟು ಹೋಗಬೇಕು. ಇಲ್ಲಿ ಸಂಬಳದ ಬಾಬ್ತಿನಲ್ಲಿ ಸರ್ಕಾರ ಕೊಡುತ್ತಿರುವುದು ಪಾಠಕ್ಕಿಂತ ಹೆಚ್ಚಾಗಿ ಪ್ರಯಾಣಕ್ಕೆ.

ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ, ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂದಿತು. ಸಾಕಷ್ಟು ಜನ ಸಿಗುವವರೆಗೆ ಒಬ್ಬರೇ ಅಕ್ಕಪಕ್ಕದ ಶಾಲೆಗಳನ್ನು ಸುತ್ತಲಿ ಎಂದೂ ಹೇಳಿತು. ಕೇಂದ್ರ ಸರ್ಕಾರ 2022ರಲ್ಲಿ ಈ ಅನುಪಾತವನ್ನು ಅಧಿಸೂಚನೆ ಮಾಡಿತು. ಆಮೇಲೂ ರಾಜ್ಯಗಳು ಕದಲದೆ ಇದ್ದಾಗ 2025ರ ಮಾರ್ಚ್‌ನಲ್ಲಿ ಕೋರ್ಟು ಮತ್ತೆ ಗದರಿಸಿ, ಎಷ್ಟು ಹುದ್ದೆ ಬೇಕು ಎಂದು ಲೆಕ್ಕ ಹಾಕಿ ಮಂಜೂರು ಮಾಡಿ, ನೇಮಕ ಶುರು ಮಾಡಿ ಎಂದಿತು.

ಹತ್ತಕ್ಕೆ ಒಬ್ಬರು ಎಂಬ ಅನುಪಾತ ಊರು ದೊಡ್ಡದಿದ್ದಲ್ಲಿ ಚೆಂದ. ಮೂಡಿಗೆರೆಯ ಒಳಭಾಗದಲ್ಲಿ ಒಂದೊಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಟ್ಟು ಮಕ್ಕಳೇ ಹತ್ತು ಹನ್ನೆರಡು ಇರುತ್ತಾರೆ. ಅಲ್ಲಿ ವಿಶೇಷ ಅಗತ್ಯದ ಮಗು ಒಂದಿದ್ದರೆ ಒಂದು. ಹತ್ತು ಮಕ್ಕಳು ಕೂಡಬೇಕಾದರೆ ಕನಿಷ್ಠ ಹತ್ತು ಶಾಲೆ ಕೂಡಿಸಬೇಕು. ಆ ಶಾಲೆಗಳ ನಡುವೆ ಗುಡ್ಡ, ಹಳ್ಳ, ತೋಟದ ಗೇಟು, ಜುಲೈ ತಿಂಗಳ ಮಳೆ. ಅನುಪಾತ ಪಾಲಿಸಿದರೂ ಮಗುವಿಗೆ ಸಿಗುವುದು ವಾರಕ್ಕೆ ಕೆಲವು ಗಂಟೆ. ಈ ಮಾತನ್ನು ದೂರಾಗಿ ಹೇಳುತ್ತಿಲ್ಲ. ವಾರಕ್ಕೆ ಕೆಲವು ಗಂಟೆ ಸಿಕ್ಕಿದರೂ ಈಗಿರುವುದಕ್ಕಿಂತ ಎಷ್ಟೋ ಮೇಲು.

ಇನ್ನು ಸರ್ಟಿಫಿಕೇಟು. 2016ರ ಕಾಯ್ದೆಯ ಹೆಚ್ಚಿನ ಸೌಲಭ್ಯಗಳಿಗೆ ಶೇ. 40ರಷ್ಟು ನ್ಯೂನತೆ ಇದೆಯೆಂದು ವೈದ್ಯರು ಬರೆದುಕೊಡಬೇಕು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಬೇಕು. ಈಗ ಕಾರ್ಡಿಗೂ ಬಣ್ಣ ಬಂದಿದೆ: 40ರ ಕೆಳಗೆ ಬಿಳಿ, 40ರಿಂದ 80ರವರೆಗೆ ಹಳದಿ, ಅದರ ಮೇಲೆ ನೀಲಿ. ಕಾಲಿಗೆ, ಕಣ್ಣಿಗೆ ಆದರೆ ಒಂದೆರಡು ಓಡಾಟದಲ್ಲಿ ಆಗಬಹುದು. ಬೌದ್ಧಿಕ ನ್ಯೂನತೆಗೋ ಕಲಿಕಾ ನ್ಯೂನತೆಗೋ ಮನಃಶಾಸ್ತ್ರಜ್ಞರ ಪರೀಕ್ಷೆ ಆಗಬೇಕು, ಅದಕ್ಕೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಚಿಕ್ಕಮಗಳೂರು ಮೂಡಿಗೆರೆಯಿಂದ ಮೂವತ್ತು ಕಿಲೋಮೀಟರ್ ಆಸುಪಾಸು, ಕಳಸದಿಂದ ಅದರ ಮೂರರಷ್ಟು. ಶಿಬಿರಗಳಲ್ಲಿ ಸದಾ ಕೇಳಿಬರುವ ಮಾತೊಂದಿದೆ: “ಇವತ್ತಿನ ಹಾಜರಿ ಹೋಯ್ತು ಮೇಡಂ. ಡಾಕ್ಟ್ರು ಬಂದಿಲ್ಲ, ಇನ್ನೊಂದ್ ದಿನ ಬನ್ನಿ ಅಂತೀರ. ಮೇಸ್ತ್ರಿಗೆ ಏನಂತ ಹೇಳ್ಲಿ?” ಕಾಗದವಿಲ್ಲದ ಮಗು ತರಗತಿಯಲ್ಲಿ ಕೂತಿದ್ದರೂ ಹಣದ ಲೆಕ್ಕದಲ್ಲಿ ಗೈರುಹಾಜರು. ಎನ್‌ಸಿಇಆರ್‌ಟಿ 2022ರಲ್ಲಿ ‘ಪ್ರಶಸ್ತ್’ ಎಂಬ ಆ್ಯಪ್ ತಂದು, ತರಗತಿಯ ಶಿಕ್ಷಕರೇ ಮೊದಲ ಹಂತದಲ್ಲಿ ಮಕ್ಕಳನ್ನು ಗುರುತಿಸುವ ಹಾಗೆ ಮಾಡಿದೆ. ಒಳ್ಳೆಯ ಕೆಲಸ. ಆದರೆ ಗುರುತಿಸಿದ ಮೇಲೆ ವೈದ್ಯರ ಬಳಿ ಹೋಗುವ ದಾರಿ ಅದೇ ಹಳೆಯ ದಾರಿ.

ಹೇಗೆ ಎಣಿಸುತ್ತೀರೋ ಹಾಗೆ ಮಕ್ಕಳು

ಹಣ ಹಂಚುವ ಸೂತ್ರ ಬರೀ ಕಚೇರಿಯ ವಿಷಯವಲ್ಲ, ಅದು ಮಕ್ಕಳ ಸಂಖ್ಯೆಯನ್ನೇ ಬದಲಾಯಿಸಿಬಿಡುತ್ತದೆ ಎಂಬುದಕ್ಕೆ ಅಮೆರಿಕದ ರಾಜ್ಯಗಳಷ್ಟು ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅಲ್ಲಿ 1975ರಲ್ಲಿ ಕಾಯ್ದೆ ಮಾಡಿದಾಗ, ಒಬ್ಬ ವಿದ್ಯಾರ್ಥಿಗೆ ದೇಶದಲ್ಲಿ ಆಗುವ ಸರಾಸರಿ ಖರ್ಚಿನ ಶೇ. 40ರಷ್ಟನ್ನು ಪ್ರತಿ ವಿಶೇಷ ಮಗುವಿಗೂ ಕೇಂದ್ರ ಸರ್ಕಾರವೇ ಕೊಡುತ್ತದೆ ಎಂದು ಮಾತು ಕೊಟ್ಟರು. ಐವತ್ತು ವರ್ಷದಲ್ಲಿ ಒಮ್ಮೆಯೂ ಆ ಮಾತು ಉಳಿಯಲಿಲ್ಲ. ಈಚೆಗೆ ಅದು ಶೇ. 15ನ್ನೂ ಮುಟ್ಟುವುದಿಲ್ಲ. ಮಾತು ಕೊಟ್ಟು ಮರೆಯುವುದರಲ್ಲಿ ವಾಷಿಂಗ್ಟನ್ನಿಗೂ ದೆಹಲಿಗೂ ಅಂಥ ವ್ಯತ್ಯಾಸವೇನೂ ಕಾಣೆ. ಉಳಿದ ಹೊರೆ ರಾಜ್ಯಗಳ ಮತ್ತು ಸ್ಥಳೀಯ ತೆರಿಗೆಯ ಮೇಲೆ ಬಿತ್ತು. ಒಂದೊಂದು ರಾಜ್ಯ ಒಂದೊಂದು ಸೂತ್ರ ಮಾಡಿಕೊಂಡಿತು.

ಕೆಲವು ರಾಜ್ಯಗಳಲ್ಲಿ ನ್ಯೂನತೆಗೆ ತಕ್ಕ ತೂಕ ಇದೆ: ಮಾತಿನ ತೊಂದರೆಯ ಮಗುವಿಗೆ ಇಷ್ಟು, ಕಣ್ಣೇ ಕಾಣದ ಮಗುವಿಗೆ ಅದರ ಹಲವು ಪಟ್ಟು. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಹೆಚ್ಚು ಮಕ್ಕಳಿಗೆ ಹಣೆಪಟ್ಟಿ ಹಚ್ಚಿದಷ್ಟೂ ಹೆಚ್ಚು ಹಣ ಬರುವುದರಿಂದ ಹಣೆಪಟ್ಟಿಗಳು ಬೆಳೆಯುತ್ತವೆ ಎಂಬ ದೂರು ಬಂತು. ಅದಕ್ಕೇ ಕ್ಯಾಲಿಫೋರ್ನಿಯಾ 1990ರ ದಶಕದ ಕೊನೆಗೆ ವಿಶೇಷ ಮಕ್ಕಳನ್ನು ಎಣಿಸುವುದನ್ನೇ ಬಿಟ್ಟು, ಒಟ್ಟು ಮಕ್ಕಳ ಸಂಖ್ಯೆಯ ಮೇಲೆ ಹಣ ಕೊಡಲು ಶುರು ಮಾಡಿತು. ಎಲ್ಲ ಕಡೆ ನೂರಕ್ಕೆ ಇಷ್ಟು ಮಕ್ಕಳು ಇದ್ದೇ ಇರುತ್ತಾರೆ ಎಂಬ ಅಂದಾಜು. ಹಣೆಪಟ್ಟಿಯ ಆಸೆ ಹೋಯಿತು, ನಿಜವಾಗಿ ಹೆಚ್ಚು ಮಕ್ಕಳಿರುವ ಊರು ಸೋತಿತು. ಮ್ಯಾಸಚೂಸೆಟ್ಸ್‌ನಲ್ಲಿ ಇನ್ನೊಂದು ಉಪಾಯ. ಯಾವುದೇ ಮಗುವಿನ ಖರ್ಚು ಸಾಮಾನ್ಯ ದರದ ನಾಲ್ಕು ಪಟ್ಟು ದಾಟಿದರೆ, ಮೇಲಿನ ಮೊತ್ತದ ಮುಕ್ಕಾಲು ಪಾಲಿನವರೆಗೆ ರಾಜ್ಯವೇ ತುಂಬಿಕೊಡುತ್ತದೆ. ಅದಕ್ಕೆ ಅವರಿಟ್ಟ ಹೆಸರು ಸರ್ಕ್ಯೂಟ್ ಬ್ರೇಕರ್.

ಎಲ್ಲಕ್ಕಿಂತ ಕೆಟ್ಟ ಕತೆ ಟೆಕ್ಸಾಸಿನದು. 2004ರಲ್ಲಿ ಆ ರಾಜ್ಯದ ಶಿಕ್ಷಣ ಇಲಾಖೆ, ಯಾವ ಊರಿನಲ್ಲೂ ವಿಶೇಷ ಶಿಕ್ಷಣದ ಮಕ್ಕಳು ಶೇ. 8.5ಕ್ಕಿಂತ ಹೆಚ್ಚಿರಬಾರದು ಎಂಬ ಅಳತೆಗೋಲು ಇಟ್ಟಿತು. ಮೀರಿದರೆ ಶಾಲಾ ಆಡಳಿತಕ್ಕೆ ಕೆಟ್ಟ ಅಂಕ. ವರ್ಷಗಳು ಕಳೆದಂತೆ ಇಡೀ ರಾಜ್ಯದ ಪ್ರಮಾಣ ಸುಮಾರು ಶೇ. 12ರಿಂದ ಇಳಿದು ಇಳಿದು ಸರಿಯಾಗಿ 8.5ಕ್ಕೆ ಬಂದು ನಿಂತಿತು. ಮಕ್ಕಳ ನ್ಯೂನತೆ ಗುಣವಾಗಿರಲಿಲ್ಲ, ಅವರನ್ನು ಗುರುತಿಸುವುದನ್ನು ನಿಲ್ಲಿಸಿದ್ದರು. ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ 2016ರಲ್ಲಿ ಇದನ್ನು ಬಯಲಿಗೆಳೆಯಿತು, ಮರುವರ್ಷ ಶಾಸನಸಭೆ ಆ ಮಿತಿಯನ್ನು ನಿಷೇಧಿಸಿತು, 2018ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಕಾನೂನು ಉಲ್ಲಂಘನೆಯಾಗಿದೆ ಎಂದು ತೀರ್ಮಾನ ಕೊಟ್ಟಿತು.

ನಮ್ಮಲ್ಲಿ ಯಾರೂ ಹಾಗೆ ಮಿತಿ ಹಾಕಿಲ್ಲ. ಹಾಕುವ ಅಗತ್ಯವೂ ಬಿದ್ದಿಲ್ಲ. 2021-22ರ ಯು-ಡೈಸ್ ಪ್ರಕಾರ ಇಡೀ ದೇಶದ ಶಾಲೆಗಳಲ್ಲಿ ವಿಶೇಷ ಅಗತ್ಯದ ಮಕ್ಕಳು ಸುಮಾರು 22.67 ಲಕ್ಷ. ಆ ವರ್ಷ ಶಾಲೆಯಲ್ಲಿದ್ದ ಒಟ್ಟು ಮಕ್ಕಳು 25 ಕೋಟಿಗೂ ಹೆಚ್ಚು. ನೂರಕ್ಕೆ ಒಂದೂ ಆಗುವುದಿಲ್ಲ. ಟೆಕ್ಸಾಸಿನವರು ಕತ್ತರಿ ಹಾಕಿ ಮುಟ್ಟಿದ ಪ್ರಮಾಣದ ಹತ್ತನೇ ಒಂದು ಪಾಲಿನಷ್ಟೆ ನಾವು ಕತ್ತರಿಯೇ ಇಲ್ಲದೆ ಗುರುತಿಸಿದ್ದೇವೆ. ಕಡಿಮೆ ದರ, ದೂರದ ಆಸ್ಪತ್ರೆ, ಅಪರೂಪಕ್ಕೆ ಬರುವ ಶಿಕ್ಷಕರು: ಈ ಮೂರು ಸೇರಿದರೆ ಮಿತಿ ತಾನಾಗಿಯೇ ಹುಟ್ಟುತ್ತದೆ.

ಅಮೆರಿಕದ ಕಾಯ್ದೆಯಿಂದ ಕಲಿಯಬೇಕಾದ್ದು ಒಂದಿದೆ. ಅಲ್ಲಿ ವಿಶೇಷ ಮಗುವಿನ ಪ್ರಯಾಣವನ್ನು ಥೆರಪಿಯ ಹಾಗೆಯೇ ಶಿಕ್ಷಣಕ್ಕೆ ಸಂಬಂಧಿಸಿದ ಸೇವೆ ಎಂದು ಎಣಿಸುತ್ತಾರೆ. ಮಗುವಿನ ವೈಯಕ್ತಿಕ ಯೋಜನೆಯಲ್ಲಿ ವಾಹನ ಬೇಕೆಂದು ಬರೆದರೆ ವಾಹನ ಬರಬೇಕು, ಖರ್ಚು ಎಷ್ಟಾದರೂ ಶಾಲಾ ಆಡಳಿತದ್ದು.

ಗಡಿಯಾಚೆಯ ಕಾಸರಗೋಡಿನಲ್ಲಿ ಬೇರೆಯದೇ ದಾರಿ ಇದೆ. ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಕನ್ನಡಿಗರೇ ಹೆಚ್ಚಿರುವ ಪಂಚಾಯಿತಿಗಳಲ್ಲಿ ನೂರಾರು ಮಕ್ಕಳು ನ್ಯೂನತೆಯೊಂದಿಗೆ ಹುಟ್ಟಿದರು. ಕೇರಳದಲ್ಲಿ ಸ್ಥಳೀಯ ಪಂಚಾಯಿತಿಗಳೇ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀ ಜೊತೆ ಸೇರಿ ‘ಬಡ್ಸ್’ ಎಂಬ ವಿಶೇಷ ಶಾಲೆಗಳನ್ನು ನಡೆಸುತ್ತವೆ. ಮೊದಲನೆಯದು ಶುರುವಾದದ್ದು 2004ರಲ್ಲಿ, ತಿರುವನಂತಪುರದ ವೆಂಗಾನೂರಿನಲ್ಲಿ. ಕಾಸರಗೋಡಿನ ಬಾಧಿತ ಪಂಚಾಯಿತಿಗಳಲ್ಲಿ ಬಡ್ಸ್ ಕಟ್ಟಡಗಳಿಗೆ ನಬಾರ್ಡ್ ನೆರವು ಬಂತು. ವಿಶೇಷ ಮಕ್ಕಳನ್ನು ಬೇರೆ ಕೂರಿಸುವುದು ಸರಿಯೇ ಎಂಬ ವಾದ ಇದ್ದೇ ಇದೆ, ನನಗೂ ಅದರ ಬಗ್ಗೆ ಅರೆಮನಸ್ಸು. ಆದರೆ ಖರ್ಚಿನ ತೀರ್ಮಾನ ಮಗುವಿನ ಮನೆಯನ್ನು ಕಂಡಿರುವ ಪಂಚಾಯಿತಿಯಲ್ಲೇ ಆಗುತ್ತದೆ ಎಂಬುದು ದೊಡ್ಡ ಅನುಕೂಲ. ದೆಹಲಿಯ ಹಣವನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನೂ ಕೇರಳ ಕಂಡಿದೆ. ಕೇಂದ್ರದ ಪಿಎಂಶ್ರೀ ಶಾಲಾ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕಲಿಲ್ಲವೆಂದು 2024-25ರಲ್ಲಿ ಕೇರಳ, ತಮಿಳುನಾಡು, ಪಶ್ಚಿಮ ಬಂಗಾಳಕ್ಕೆ ಸಮಗ್ರ ಶಿಕ್ಷಣದ ಕೇಂದ್ರದ ಪಾಲನ್ನೇ ತಡೆಹಿಡಿಯಲಾಯಿತು. ವಿಶೇಷ ಶಿಕ್ಷಕರ ಸಂಬಳ, ಮಕ್ಕಳ ಭತ್ಯೆ ಎಲ್ಲವೂ ಅದೇ ಚೀಲದಲ್ಲಿತ್ತು.

ನಮ್ಮಲ್ಲೂ ಮಗುವಿಗೆ ಹಣವೇ ಇಲ್ಲ ಎಂದಲ್ಲ. ಶೇ. 75ಕ್ಕಿಂತ ಹೆಚ್ಚು ನ್ಯೂನತೆ ಇದ್ದವರಿಗೆ ಕರ್ನಾಟಕ ಸರ್ಕಾರ ತಿಂಗಳಿಗೆ 1,400 ರೂಪಾಯಿ ಪಿಂಚಣಿ ಕೊಡುತ್ತದೆ. ವರ್ಷಕ್ಕೆ 16,800. ಶಾಲೆಗೆಂದು ಇಡುವ ಹಣದ ಹೆಚ್ಚುಕಡಿಮೆ ಐದು ಪಟ್ಟು. ಪಿಂಚಣಿ ಮಗು ಶಾಲೆಗೆ ಬಂದರೂ ಬರುತ್ತದೆ, ಮನೆಯಲ್ಲಿ ಮಲಗಿದ್ದರೂ ಬರುತ್ತದೆ. ಪಿಂಚಣಿ ಕಡಿಮೆ ಮಾಡಿ ಎಂದು ಯಾರೂ ಹೇಳಲಾರರು, ಅದರಲ್ಲೇ ಎಷ್ಟೋ ಮನೆಯ ಔಷಧಿ ಬರುತ್ತಿದೆ. ಆದರೆ ಮಗು ಶಾಲೆಗೆ ಬಂದು ಕಲಿಯಲಿ ಎಂದು ಸರ್ಕಾರ ಇಡುವ ಹಣ ಅದರ ಐದನೇ ಒಂದು ಪಾಲು ಎಂಬುದನ್ನು ಲೆಕ್ಕ ಪರಿಶೋಧಕರಾದರೂ ಕೇಳಬೇಕಿತ್ತು.

ತೋಟಗಳ ಪಾಲೂ ಇದೆ. 1951ರ ತೋಟ ಕಾರ್ಮಿಕರ ಕಾಯ್ದೆ, ಆರರಿಂದ ಹನ್ನೆರಡು ವರ್ಷದ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿರುವ ತೋಟಗಳಲ್ಲಿ ಮಾಲೀಕರೇ ಓದಿನ ವ್ಯವಸ್ಥೆ ಮಾಡುವಂತೆ ರಾಜ್ಯ ಸರ್ಕಾರ ನಿಯಮ ಮಾಡಬಹುದು ಎಂದಿತ್ತು. ಈಗ ಬಹುಪಾಲು ಸಣ್ಣ ಹಿಡುವಳಿಗಳು, ಲೈನಿನಲ್ಲಿರುವವರಲ್ಲಿ ಅಸ್ಸಾಂ, ಜಾರ್ಖಂಡಿನಿಂದ ಬಂದವರೂ ಸಾಕಷ್ಟು. ಇಪ್ಪತ್ತೈದು ಮಕ್ಕಳ ಮಾತು ಹಳೆಯ ದೊಡ್ಡ ಎಸ್ಟೇಟುಗಳ ಕಾಲದ್ದು. ಆದರೂ ಬೆಳಿಗ್ಗೆ ಆಳುಗಳನ್ನು ಕರೆತರುವ ಪಿಕಪ್ ಪ್ರತಿ ತೋಟಕ್ಕೂ ಬರುತ್ತದೆ. ಅದು ವಾಪಸ್ ಹೋಗುವಾಗ ಖಾಲಿ ಹೋಗುತ್ತದೆ.

ದೆಹಲಿ ಸೂತ್ರ ಬದಲಿಸಲಿ ಎಂದು ಕಾಯುತ್ತ ಕೂತರೆ ಈಗ ಒಂದನೇ ತರಗತಿಯಲ್ಲಿರುವ ಮಗು ಎಸ್ಸೆಸ್ಸೆಲ್ಸಿ ದಾಟಿಬಿಡುತ್ತದೆ. ಅಷ್ಟರೊಳಗೆ ಗೋಣಿಬೀಡಿನ ಮಟ್ಟದಲ್ಲಿ ಆಗಬಹುದಾದದ್ದು ಒಂದಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕೆಂಬ ಆದೇಶ ಇದೆ. ಸಾಮಾನ್ಯವಾಗಿ ಅದು ಹೊಲಿಗೆ ಯಂತ್ರ, ತ್ರಿಚಕ್ರ ಸೈಕಲ್ಲು, ವೈದ್ಯಕೀಯ ಸಹಾಯಧನ ಎಂದು ಚದುರಿಹೋಗುತ್ತದೆ. ತ್ರಿಚಕ್ರ ಸೈಕಲ್ಲು ಈ ಗುಡ್ಡದ ಏರಿನಲ್ಲಿ ಎಷ್ಟು ದೂರ ಹೋದೀತು ಎಂಬುದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಆ ಹಣವನ್ನು ಹೋಬಳಿಯ ನಾಲ್ಕಾರು ಪಂಚಾಯಿತಿಗಳು ಒಟ್ಟು ಮಾಡಿ ಶಾಲೆಯ ವೇಳೆಗೆ ಒಂದೆರಡು ಆಟೋಗಳನ್ನು ತಿಂಗಳ ಬಾಡಿಗೆಗೆ ಗೊತ್ತು ಮಾಡಿದರೆ, ಮಕ್ಕಳ ಸಾರಿಗೆ ಭತ್ಯೆಯೂ ಅದಕ್ಕೆ ಸೇರಿದರೆ, ಲೈನಿನ ಕೆಲವು ಮಕ್ಕಳಾದರೂ ಮಳೆಗಾಲ ದಾಟಿಯೂ ಶಾಲೆಯಲ್ಲಿ ಉಳಿಯುತ್ತಾರೆ. ಯಾವ ಮಗು ಯಾವ ಲೈನಿನಲ್ಲಿದೆ, ಶಾಲೆಗೆ ಎಷ್ಟು ದೂರ ಎಂಬ ಪಟ್ಟಿ ಮಾಡಿಕೊಡಲು ಪ್ರತಿ ಪಂಚಾಯಿತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ.

ಅಂಗವಿಕಲರಿಗೆಂದೇ ವಿಶೇಷ ಗ್ರಾಮಸಭೆ ನಡೆಸಲು ಅವಕಾಶವಿದೆ. ಮುಂದಿನ ವರ್ಷದ ಕ್ರಿಯಾಯೋಜನೆ ತಯಾರಾಗುವ ತಿಂಗಳುಗಳಲ್ಲೇ ಹಣ್ಣು ಕೊಯ್ಲು ಜೋರಾಗಿ ನಡೆದಿರುತ್ತದೆ. ವಾರದ ಮಧ್ಯೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬರುವವರು ಅಧಿಕಾರಿಗಳು ಮತ್ತು ಸದಸ್ಯರು ಮಾತ್ರ. ಲೈನಿನ ತಾಯಂದಿರು ಬಂದು ದಾರಿಯ ಖರ್ಚು ಇಷ್ಟು ಎಂದು ಬರೆಸಬೇಕಾದರೆ ಸಭೆಯನ್ನು ತೋಟಕ್ಕೆ ರಜೆ ಇರುವ ಸಂತೆಯ ದಿನ ಇಡಬೇಕು.